ಫಿಶರ್ 25: ಚೆಂದದ ಡುಮ್ಮ ದೋಣಿ, ಆದರೆ ಇಂಜಿನ್ ಆಫ್ ಮಾಡಬೇಡಿ

ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ ಹ್ಯಾಂಬಲ್ ನದಿಯಲ್ಲಿ ಫಿಶರ್ 25 ಅನ್ನುವ ಈ ದೋಣಿಯನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಮಲ್ಪೆ ಬಂದರು. ಸುತ್ತ ಎಲ್ಲ ತೆಳ್ಳಗಿನ ಬಿಳಿ ಯಾಟ್‌ಗಳು, ಅಂದರೆ ವಿಹಾರದ ಹಾಯಿದೋಣಿಗಳು, ನಡುವೆ ಹೊಟ್ಟೆ ಉಬ್ಬಿಸಿಕೊಂಡು, ಮೂತಿ ಮೇಲೆತ್ತಿಕೊಂಡು, ಬೆನ್ನ ಮೇಲೊಂದು ವೀಲ್‌ಹೌಸ್ (ಚುಕ್ಕಾಣಿ ಹಿಡಿಯುವ ಮುಚ್ಚಿದ ಕೋಣೆ) ಹೊತ್ತು ನಿಂತ ಇದು. ಆ ರೂಪ ಸುಮ್ನೆ ಬಂದದ್ದಲ್ಲ. ಉತ್ತರ ಸಮುದ್ರದ ಮೀನುಗಾರರ ಬೋಟಿನ ಆಕಾರವನ್ನೇ ಇದಕ್ಕೆ ತಂದಿದ್ದಾರೆ. ಗೆಳೆಯನೊಬ್ಬ ಹಳೇದೊಂದು ಕೊಂಡ. ಎರಡು ಬೇಸಿಗೆ ಅವನ ಜೊತೆ ತಿರುಗಿ ಇದನ್ನು ಬರೆಯುತ್ತಿದ್ದೇನೆ.

25 ಅಡಿ ಉದ್ದ, ತೂಕ ಸುಮಾರು ನಾಲ್ಕೂವರೆ ಟನ್. ಇಷ್ಟೇ ಉದ್ದದ ಮಾಮೂಲಿ ಯಾಟ್ ಇದರ ಅರ್ಧ ತೂಗಿದರೆ ಹೆಚ್ಚು. ಹಾಯಿ ಕಟ್ಟಲು ಎರಡು ಕೂವೆಮರ, ತಳದುದ್ದಕ್ಕೂ ನೀರಿಗಿಳಿದ ಬೆನ್ನೆಲುಬಿನಂಥ ಉದ್ದನೆ ಕೀಲ್, ಕೆಳಗೆ ಡೀಸೆಲ್ ಇಂಜಿನ್. ಯಾಟ್ ಕ್ಲಬ್ ಮಂದಿ ಇಂಥವನ್ನು ನೋಡಿ ನಗುತ್ತಾರೆ, ಅತ್ತ ಹಾಯಿಯೂ ಅಲ್ಲ ಇತ್ತ ಮೋಟಾರೂ ಅಲ್ಲ ಅಂತ.

ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗುವುದಿಲ್ಲ, ಅಂಕುಡೊಂಕಾಗಿಯೇ ಹೋಗಬೇಕು. ಒಳ್ಳೆಯ ಯಾಟ್ 45 ಡಿಗ್ರಿ ಓರೆಯಲ್ಲಿ ಹೋದರೆ ಹಾಯಿ, ಇಂಜಿನ್ ಎರಡನ್ನೂ ನಂಬಿದ ಇಂಥ ಭಾರದ ಮೋಟಾರ್‌ಸೇಲರ್‌ಗೆ 60 ಡಿಗ್ರಿ ಬೇಕು ಅಂತಿಟ್ಟುಕೊಳ್ಳಿ. ಆಗ ಎರಡು ಮೈಲಿ ಓಡಿದರೆ ಒಂದು ಮೈಲಿ ಮುಂದೆ. ಹ್ಯಾಂಬಲ್‌ನಿಂದ ಎದುರಿನ ಐಲ್ ಆಫ್ ವೈಟ್ ದ್ವೀಪದ ಯಾರ್ಮತ್‌ಗೆ ಸುಮಾರು 14 ಸಮುದ್ರ ಮೈಲಿ, ಅಲ್ಲಿ ಬೀಸುವುದು ಹೆಚ್ಚಾಗಿ ನೈಋತ್ಯದ ಗಾಳಿ, ಅಂದರೆ ಮೂಗಿಗೆ ನೇರ. 28 ಮೈಲಿಯನ್ನು 4 ನಾಟ್‌ನಲ್ಲಿ, ಅಂದರೆ ಗಂಟೆಗೆ 4 ಸಮುದ್ರ ಮೈಲಿಯಂತೆ, ಓಡಿದರೆ ಏಳು ಗಂಟೆ. ಅಷ್ಟರಲ್ಲಿ ಜೊತೆಗೆ ಒಯ್ಯುವ ಇಳಿತ ಮುಗಿದು ಉಬ್ಬರವೂ ಎದುರಾಗುತ್ತದೆ.

ಆದರೆ ಈ ದೋಣಿಯನ್ನು ಹಾಗೆ ಬರೀ ಹಾಯಿಯಲ್ಲಿ ಓಡಿಸುವುದೇ ತಪ್ಪು ಅಂತ ನನಗೆ ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಇಂಜಿನ್ ನಿಧಾನಕ್ಕೆ ಓಡುತ್ತಿರಲಿ, ಹಾಯಿಯನ್ನು ಬಿಗಿಯಾಗಿ ಎಳೆದು ಕಟ್ಟಿ. ಆಗ ಗಾಳಿಗೆ ಇನ್ನೂ ಹತ್ತಿರ ಹೋಗಬಹುದು, ವೇಗ 5 ನಾಟ್‌ಗೆ ಬರುತ್ತದೆ, ಎಲ್ಲಕ್ಕಿಂತ ಮುಖ್ಯ ಅಂದರೆ ಹೊಯ್ದಾಟ ನಿಲ್ಲುತ್ತದೆ. ಬರೀ ಇಂಜಿನ್‌ನಲ್ಲಿ ಹೋದರೆ ಗುಂಡನೆ ಹೊಟ್ಟೆ ತೊಟ್ಟಿಲಿನ ಹಾಗೆ ತೂಗಿ ಹೊಟ್ಟೆ ತೊಳೆಸುತ್ತದೆ, ಹಾಯಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಡೀಸೆಲ್ ಗಂಟೆಗೆ ಎರಡು ಲೀಟರ್ ಆಸುಪಾಸು, ಅಷ್ಟೇ. ಹೀಗೆ ಎರಡೂ ಬಳಸುವಾಗ ಕಾನೂನಿನ ಪ್ರಕಾರ ನಿಮ್ಮದು ಮೋಟಾರ್ ದೋಣಿ, ಮುಂದೆ ತುದಿ ಕೆಳಗಾದ ಕಪ್ಪು ಶಂಕು ನೇತುಹಾಕಬೇಕು. ಎಷ್ಟೋ ಜನ ಹಾಕುವುದೇ ಇಲ್ಲ, ಆಮೇಲೆ ದಾರಿ ಯಾರದು ಅಂತ ಜಗಳ.

ಗಾಳಿ ಪಕ್ಕದಿಂದ ಜೋರಾಗಿ ಬಂದರೆ ಮಾತ್ರ ಇಂಜಿನ್ ನಿಲ್ಲಿಸಿ ನೋಡಿ. ಬೇರೆ ದೋಣಿಗಳು ಹಾಯಿ ಸುತ್ತಿ ಚಿಕ್ಕದು ಮಾಡುವ ಹೊತ್ತಿಗೆ ಇದಕ್ಕೆ ಆಗಷ್ಟೇ ಹುಮ್ಮಸ್ಸು ಬರುತ್ತದೆ, ಆರು ನಾಟ್ ಹತ್ತಿರ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕೇಳಬೇಡಿ, ನೀರಿನ ಮಟ್ಟದಲ್ಲಿ ಸುಮಾರು 21 ಅಡಿ ಇರುವ ಭಾರದ ದೋಣಿಗೆ ಅದೇ ಮಿತಿ. ಮಂದ ಗಾಳಿಯಲ್ಲಂತೂ ಎಮ್ಮೆ ಕೆರೆಗಿಳಿದ ಹಾಗೆ.

ನನಗೆ ಇಷ್ಟವಾದದ್ದು ವೀಲ್‌ಹೌಸ್. ಏಪ್ರಿಲ್‌ನ ಚಳಿಮಳೆಯಲ್ಲಿ ಪಕ್ಕದ ಯಾಟಿನವರು ತೊಪ್ಪೆಯಾಗಿ ನಡುಗುತ್ತಿದ್ದಾಗ ನಾವು ಒಳಗೆ ಬರೀ ಸ್ವೆಟರ್‌ನಲ್ಲಿ ನಿಂತು ಚಹಾ ಕುಡಿಯುತ್ತಾ ಚುಕ್ಕಾಣಿ ಹಿಡಿದಿದ್ದೆವು. ನಗುವವರು ನಗಲಿ ಬಿಡಿ.

ಕಷ್ಟ ಇರುವುದು ದೋಣಿ ಕಟ್ಟುವ ಮರೀನಾದಲ್ಲಿ. ಉದ್ದ ಕೀಲ್ ಇರುವುದರಿಂದ ರಿವರ್ಸ್‌ನಲ್ಲಿ ಅದು ಹೋದದ್ದೇ ದಾರಿ, ಎತ್ತರದ ವೀಲ್‌ಹೌಸನ್ನು ಗಾಳಿ ಬೇರೆ ತಳ್ಳುತ್ತದೆ. ನಾನೂ ಒಮ್ಮೆ ಪಾಂಟೂನ್‌ಗೆ (ತೇಲುವ ಕಟ್ಟೆಗೆ) ಗುದ್ದಿದ್ದೇನೆ.

ಒಳಗಿನ ಮರಗೆಲಸ ಮುಖ್ಯ ಅನ್ನುವವರು ಡೆನ್ಮಾರ್ಕ್‌ನ ಎಲ್‌ಎಂ 27 ಅನ್ನುವ ಮೋಟಾರ್‌ಸೇಲರ್ ಕೂಡ ನೋಡಿ, ಅದನ್ನು ಮಾಡಿದ್ದು ಪೀಠೋಪಕರಣದ ಕಾರ್ಖಾನೆ. ಯಾವುದೇ ಹಳೇದು ನೋಡಲು ಹೋದರೂ ಹಾಯಿ ಆಮೇಲೆ, ಮೊದಲು ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಬಿಸಿಯಾದದ್ದು ಸುಲಭವಾಗಿ ಸ್ಟಾರ್ಟ್ ಆಗಿ ತೊಂದರೆ ಮುಚ್ಚಿಡುತ್ತದೆ. ಒಬ್ಬರು ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರು, ಮುಟ್ಟಿ ನೋಡಿ ಹಾಗೇ ವಾಪಸ್ ಬಂದೆವು.