ಐಸ್‌ಲ್ಯಾಂಡಲ್ಲಿ ಒಬ್ಬಳೇ: ಬಸ್ಸಾ ಕಾರಾ, ಲಗೂನಾ ಊರಿನ ಪೂಲಾ?

ಐಸ್‌ಲ್ಯಾಂಡಿಗೆ ಹೋಗ್ತಿದೀನಿ ಅಂದ ತಕ್ಷಣ ಗೊತ್ತಿರೋರು, ಅಷ್ಟಾಗಿ ಗೊತ್ತಿಲ್ದೋರು, ಎಲ್ರೂ ಹೇಳಿದ್ದು ಒಂದೇ: ಕಾರ್ ತಗೊಂಡು ರಿಂಗ್ ರೋಡ್, ಅಂದ್ರೆ ದೇಶದ ಸುತ್ತ ಹೋಗೋ ರೋಡ್ ಹೊಡಿ, ಇಲ್ಲಾಂದ್ರೆ ಅಷ್ಟು ದೂರ ಹೋಗಿದ್ದೇ ವೇಸ್ಟು. ಸರಿ ಅಂತ ಒಬ್ಬೊಬ್ಬರನ್ನೇ ಕೆದಕಿದ್ರೆ ಒಬ್ರು ಗಂಡನ ಜೊತೆ ಹೋಗಿದ್ರು, ಇನ್ನೊಬ್ರದ್ದು ನಾಲ್ಕು ಜನರ ಗ್ಯಾಂಗು, ಮತ್ತೊಬ್ರು ಹೋಗೇ ಇರ್ಲಿಲ್ಲ, ಬರೀ ವಿಡಿಯೋ ನೋಡಿದ್ರು. ನಾಲ್ಕು ಜನಕ್ಕೆ ಹಂಚಿದ ಲೆಕ್ಕನ ಒಬ್ಬಳ ತಲೆ ಮೇಲೆ ಹಾಕಿದ್ರೆ ಏನಾಗತ್ತೆ ಅಂತ ಯಾರೂ ಹೇಳ್ಲಿಲ್ಲ. ಹಾಗಾಗಿ 2023ರ ಸೆಪ್ಟೆಂಬರಲ್ಲಿ ಒಂಬತ್ತು ದಿನಕ್ಕೆ ಹೋದಾಗ ಟ್ರಿಪ್ಪನ್ನೇ ಎರಡು ಭಾಗ ಮಾಡ್ಕೊಂಡೆ. ಮೊದಲು ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಾಸ್ಟೆಲ್ಲಲ್ಲಿದ್ಕೊಂಡು ಟೂರ್ ಬಸ್ಸಲ್ಲಿ ಓಡಾಟ, ಆಮೇಲೆ ಮೂರು ದಿನ ಕಾರು. ಬಿಸಿನೀರಿನ ಸ್ನಾನ, ಊಟ, ಮಲಗೋ ಜಾಗ ಇದ್ರಲ್ಲೂ ಹಾಗೇ ಎರಡೆರಡು ಟ್ರೈ ಮಾಡ್ದೆ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಹೋದಾಗ ಅಲ್ಲಿಯ ದುಡ್ಡು ಒಂದು ಕ್ರೋನಾಗೆ ಸುಮಾರು 60 ಪೈಸೆ ಇತ್ತು, ಅಂದ್ರೆ ಸಾವಿರ ಕ್ರೋನಾಗೆ 600 ರೂಪಾಯಿ. ಆಗ ಅಲ್ಲಿ ಸಾವಿರ ಕ್ರೋನಾ ಅಂದ್ರೆ ಒಂದು ಕಾಫಿ, ಒಂದು ಸಿಹಿ ಬನ್ನು, ಮುಗೀತು. ಮೊದಲ ಎರಡು ದಿನ ಪ್ರತಿಯೊಂದಕ್ಕೂ ರೂಪಾಯಿ ಲೆಕ್ಕ ಹಾಕಿ ಹೊಟ್ಟೆ ಉರ್ಕೊಂಡೆ, ಮೂರನೇ ದಿನ ನಿಲ್ಲಿಸ್ದೆ. ಏರ್‌ಪೋರ್ಟಿರೋದು ಕೆಫ್ಲಾವಿಕ್‌ನಲ್ಲಿ, ಊರಿಂದ 50 ಕಿಮೀ ದೂರ. ಫ್ಲೈಬಸ್ಸು ಆರಾಮು, ಫ್ಲೈಟ್ ಟೈಮಿಗೆ ಸರಿಯಾಗಿರತ್ತೆ. ಸರ್ಕಾರಿ 55ನೇ ನಂಬರ್ ಬಸ್ಸಿಗೆ ರೇಟು ಕಮ್ಮಿ, ಆದ್ರೆ ಬರೋದೇ ಕಮ್ಮಿ. ಹೋಗ್ತಾ ಫ್ಲೈಬಸ್, ಬರ್ತಾ 55. ಇದ್ರಲ್ಲಿ ತಲೆ ಕೆಡಿಸ್ಕೊಳೋದೇನಿಲ್ಲ.

ಬಸ್ಸಲ್ಲಿ ಮೊದಲನೇದು ಗೋಲ್ಡನ್ ಸರ್ಕಲ್. ಥಿಂಗ್‌ವೆಟ್ಲಿರ್, ಗೇಸಿರ್, ಗುಟ್ಲ್‌ಫಾಸ್ ಮೂರೂ ಒಂದೇ ದಿನ. ಥಿಂಗ್‌ವೆಟ್ಲಿರ್ ಅಂದ್ರೆ 930ರಲ್ಲಿ ಅವರ ಪಾರ್ಲಿಮೆಂಟು ಶುರುವಾದ ಜಾಗ. ಕಟ್ಟಡ ಗಿಟ್ಟಡ ಏನಿಲ್ಲ, ಬಯಲಲ್ಲೇ ಸಭೆ. ಅಮೆರಿಕದ ಭೂಫಲಕ, ಯುರೋಪಿನ ಭೂಫಲಕ ಎರಡೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರೀತಿರೋದೂ ಅಲ್ಲೇ, ಬಂಡೆ ಸೀಳಿರೋ ದಾರಿ ಒಳಗೇ ನಡ್ಕೊಂಡು ಹೋಗಬಹುದು. ಗೇಸಿರ್‌ಗೆ ಹೋದಾಗ ನಮ್ಮ ಬಾತ್‌ರೂಮಿನ ಗೀಸರ್‌ಗೆ ಹೆಸರು ಬಂದಿದ್ದು ಇಲ್ಲಿಂದಾನೇ ಅಂತ ಹೊಳೆದು ಒಬ್ಬಳೇ ನಕ್ಕೆ. ಆ ಹಳೇ ಗೇಸಿರ್, ಅಂದ್ರೆ ಬಿಸಿನೀರಿನ ಬುಗ್ಗೆ, ಈಗ ಚಿಮ್ಮೋದೇ ಅಪರೂಪ, ಪಕ್ಕದ ಸ್ಟ್ರೋಕ್ಕೂರ್ ಮಾತ್ರ ಐದು ಹತ್ತು ನಿಮಿಷಕ್ಕೊಂದ್ಸಲ ಬುಸ್ ಅನ್ನತ್ತೆ. ಗುಟ್ಲ್‌ಫಾಸ್ ಜಲಪಾತದ ಎತ್ತರ 32 ಮೀಟರ್ ಅಷ್ಟೆ, ಸಾಗರದ ಕಡೆಯವಳು ನಾನು, ಜೋಗದ 253 ಮೀಟರ್ ನೋಡಿ ಬೆಳೆದವಳು, ಇದೇನು ಮಹಾ ಅಂತ ಹೋದೆ. ಅಲ್ಲಿ ಎತ್ತರ ಲೆಕ್ಕಕ್ಕೇ ಬರಲ್ಲ. ಇಡೀ ನದಿ ಅಡ್ಡಡ್ಡ ತಿರುಗಿ ಬಿರುಕಿನೊಳಗೆ ಬೀಳತ್ತೆ, ನಾವು ಅದ್ರ ಪಕ್ಕದಲ್ಲೇ ನಿಂತಿರ್ತೀವಿ. ಆಗಸ್ಟಿನ ಆಗುಂಬೆಲೂ ಇಷ್ಟು ನೆಂದಿಲ್ಲ ನಾನು.

ಬಸ್ಸಲ್ಲಿ ಸಿಟ್ಟು ಬರೋದು ಗಡಿಯಾರದ ಮೇಲೆ. ದಕ್ಷಿಣದ ಟೂರಲ್ಲಿ ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂಬದಿಯಿಂದ ಒಂದು ಸುತ್ತು ಹಾಕಿ ಬರೋಷ್ಟರಲ್ಲಿ ಟೈಮಾಯ್ತು, ಸ್ಕೋಗಾಫಾಸ್‌ನಲ್ಲಿ 500ಕ್ಕೂ ಜಾಸ್ತಿ ಮೆಟ್ಲು ಹತ್ತಿ ಏದುಸಿರು ಬಿಡ್ತಾ ಮೇಲೆ ನಿಂತ್ರೆ ಕೆಳಗೆ ನಮ್ಮ ಬಸ್ಸಿನ ಡೋರ್ ಹತ್ರ ಜನ ಕ್ಯೂ ನಿಂತಿರೋದು ಕಾಣ್ತಿದೆ. ರೇನಿಸ್‌ಫ್ಯಾರಾ ಕಪ್ಪು ಮರಳಿನ ಬೀಚಲ್ಲಿ ಮಾತ್ರ ಗೈಡ್ ಇದ್ದಿದ್ದು ಒಳ್ಳೇದಾಯ್ತು. ಅಲ್ಲಿ ಅಲೆ ಸುಮ್ಮನೆ ಇರತ್ತೆ ಇರತ್ತೆ, ಇದ್ದಕ್ಕಿದ್ದಂಗೆ ಒಂದು ಮಂಡಿವರೆಗೂ ಬಂದು ಎಳ್ಕೊಂಡು ಹೋಗತ್ತೆ, ಜನ ಸತ್ತಿದಾರೆ. ಸಮುದ್ರಕ್ಕೆ ಬೆನ್ನು ಹಾಕ್ಬೇಡಿ ಅಂತ ಆಯಪ್ಪ ಮೂರು ಸಲ ಹೇಳ್ದ, ಆದ್ರೂ ಒಬ್ಬ ಸೆಲ್ಫಿಗೆ ಬೆನ್ನು ಹಾಕ್ದ, ಶೂ ಪ್ಯಾಂಟು ಎಲ್ಲ ಒದ್ದೆ. ಒಬ್ಬಳೇ ಹೋಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ ಅನ್ಸತ್ತೆ.

ಯೋಕುಲ್ಸಾರ್ಲೋನ್‌ಗೆ, ಅದೇ ಹಿಮನದಿಯ ತುಂಡುಗಳು ತೇಲೋ ಸರೋವರ, ಒಂದು ಕಡೆಗೇ ಸುಮಾರು 370 ಕಿಮೀ. ಬೆಳಗ್ಗೆ ಹೊರಟ ಬಸ್ಸು ರಾತ್ರಿ ವಾಪಸ್ ಬಂದಾಗ 14 ಗಂಟೆ ಆಗಿತ್ತು. ಆ 14 ಗಂಟೆಲಿ ನಾನು ನಿದ್ದೆ ಮಾಡಿದೀನಿ, ಅವಲಕ್ಕಿ ತಿಂದಿದೀನಿ, ಪಾಚಿ ಬೆಳೆದ ಲಾವಾ ಬಯಲನ್ನ ಕಿಟಕಿಗೆ ಮೂಗು ಒತ್ತಿ ನೋಡಿದೀನಿ, ಪಕ್ಕದಲ್ಲಿ ಕೂತ ಪೋಲೆಂಡಿನ ಟೀಚರಮ್ಮನ ಜೊತೆ ಅತ್ತೆ ಪುರಾಣ ಮಾತಾಡಿದೀನಿ (ಅದು ಎಲ್ಲ ದೇಶದಲ್ಲೂ ಒಂದೇ). ಇಷ್ಟರಲ್ಲಿ ಒಂದನ್ನೂ ಸ್ಟೇರಿಂಗ್ ಹಿಡ್ಕೊಂಡು ಮಾಡೋಕಾಗಲ್ಲ. ಕಾರ್ ತಗೊಂಡ ಮೇಲೆ ಇದು ಚೆನ್ನಾಗಿ ಅರ್ಥ ಆಯ್ತು.

ಕಾರಿನ ಕಥೆ ಕೇಳಿ. ಇಲ್ಲಿಂದ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸ್ಕೊಂಡು ಹೋಗಿದ್ದೆ, ಚಿಕ್ಕ ಕಾರು, ಪಶ್ಚಿಮದ ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪದ ಕಡೆಗೆ. ಅಲ್ಲಿ ಬಲಗಡೆ ಓಡಿಸ್ಬೇಕು, ಸ್ಟೇರಿಂಗ್ ಎಡಗಡೆ. ಮೊದಲ ಅರ್ಧ ದಿನ ಪ್ರತಿ ತಿರುವಲ್ಲೂ ಇಂಡಿಕೇಟರ್ ಅಂತ ವೈಪರ್ ಹಾಕ್ದೆ. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಹ್ವಾಲ್‌ಫ್ಯೋರ್ದುರ್ ಸುರಂಗ ಬರತ್ತೆ, ಸಮುದ್ರದ ಕೆಳಗೆ ಸುಮಾರು 5.8 ಕಿಮೀ, 1998ರಿಂದ ಇದೆ. 2018ರಿಂದ ಟೋಲೂ ಇಲ್ಲ. ಆ ದೇಶದಲ್ಲಿ ಪುಕ್ಕಟೆ ಸಿಕ್ಕಿದ್ದು ಇದೊಂದು, ಇನ್ನೊಂದು ನಲ್ಲಿ ನೀರು. ಸುರಂಗ ದಾಟಿದ್ಮೇಲೆ ಶುರುವಾಯ್ತು ಗಾಳಿ. ಮಲೆನಾಡಲ್ಲಿ ಮಳೆಗೆ ಹೆದರಿ ಅಭ್ಯಾಸ, ಗಾಳಿಗೆ ಹೆದರೋದನ್ನ ಐಸ್‌ಲ್ಯಾಂಡ್ ಕಲಿಸ್ತು. ಕಾರನ್ನ ಪಕ್ಕಕ್ಕೆ ತಳ್ಳತ್ತೆ, ಎರಡೂ ಕೈಲಿ ಹಿಡ್ಕೊಂಡಿರ್ಬೇಕು. ಡೋರ್ ತೆಗೆಯುವಾಗಂತೂ ಗಟ್ಟಿಯಾಗಿ ಹಿಡ್ಕೊಂಡು ತೆಗೀಬೇಕು, ಇಲ್ಲಾಂದ್ರೆ ಗಾಳಿಗೆ ಹಿಂದಕ್ಕೆ ಮುರ್ಕೊಂಡು ಹೋಗತ್ತೆ. ಈ ಡ್ಯಾಮೇಜ್ ಇನ್ಶೂರೆನ್ಸಲ್ಲಿ ಸಾಮಾನ್ಯವಾಗಿ ಬರಲ್ಲ. ಮೂತಿ ಗಾಳಿ ಬರೋ ಕಡೆಗಿಟ್ಟು ಪಾರ್ಕ್ ಮಾಡಿದ್ರೆ ಬಚಾವು. ಜಲ್ಲಿ ಸಿಡಿದು ಗ್ಲಾಸ್ ಒಡೆದ್ರೆ ಅದಕ್ಕೆ ಬೇರೆ ಇನ್ಶೂರೆನ್ಸು, ಮರಳು ಬೂದಿ ಹೊಡೆದು ಪೇಂಟ್ ಹೋದ್ರೆ ಅದಕ್ಕೂ ಬೇರೆ.

ಇನ್ನೊಂದು ವಿಷಯ ಯಾವ ವಿಡಿಯೋದಲ್ಲೂ ಹೇಳಲ್ಲ. ಎಲ್ಲಂದ್ರಲ್ಲಿ ನಿಲ್ಲಿಸಿ ನೋಡಬಹುದು ಅಂತ ತಾನೇ ಕಾರ್ ತಗೊಳೋದು? ಆ ರೋಡುಗಳಿಗೆ ಬಹಳ ಕಡೆ ಪಕ್ಕದಲ್ಲಿ ಒಂದಡಿ ಜಾಗವೂ ಇಲ್ಲ, ಆಚೆ ಸೀದಾ ಇಳಿಜಾರು. ನಿಲ್ಲಿಸೋ ಜಾಗ ಬರೋದು ಬೋರ್ಡ್ ಇದ್ದಲ್ಲಿ ಮಾತ್ರ. ಮಧ್ಯದಲ್ಲಿ ಕಾಮನಬಿಲ್ಲು ಬರತ್ತೆ, ಕುದುರೆ ಹಿಂಡು ಬರತ್ತೆ, ಮೋಡ ಸರಿದು ಒಂದು ಕ್ಷಣ ಸ್ನೈಫೆಲ್ಸ್‌ಯೋಕುಟ್ಲ್ ಬೆಟ್ಟದ ಹಿಮ ಹೊಳೆಯತ್ತೆ, ನಾನು ಮಾತ್ರ ರೋಡ್ ನೋಡ್ಕೊಂಡು ಹೋಗ್ತಿರ್ಬೇಕು. ಇಬ್ಬರಿದ್ರೆ ಒಬ್ರು ಓಡಿಸ್ತಾರೆ, ಇನ್ನೊಬ್ರು ನೋಡ್ತಾರೆ, ಆಮೇಲೆ ಬದಲಾಯಿಸ್ಕೋಬಹುದು. ಒಬ್ಬಳೇ ಇದ್ರೆ ದುಡ್ಡು ಕೊಟ್ಟು ಟಾರ್ ರೋಡ್ ನೋಡಿದ ಹಾಗೆ.

ಆದ್ರೂ ಕಾರ್ ಕೊಟ್ಟಿದ್ದನ್ನ ಬಸ್ಸು ಕೊಡಲ್ಲ, ಅದನ್ನೂ ಹೇಳ್ಬೇಕು. ಕಿರ್ಕ್ಯುಫೆಲ್ ಬೆಟ್ಟದ ಹತ್ರ ಮಧ್ಯಾಹ್ನ ಹೋದಾಗ ಪಾರ್ಕಿಂಗಲ್ಲಿ ಜಾತ್ರೆ. ಸಂಜೆ ಏಳಕ್ಕೆ ವಾಪಸ್ ಹೋದೆ, ನಾನೂ ಒಂದು ಕುರಿನೂ ಅಷ್ಟೆ. ಸೆಪ್ಟೆಂಬರಲ್ಲಿ ಬೇಸಿಗೆ ಪೂರ್ತಿ ಬೆಟ್ಟದಲ್ಲಿ ಮೇಯ್ದ ಕುರಿಗಳನ್ನ ಊರಿನವರೆಲ್ಲ ಸೇರಿ ಹೊಡ್ಕೊಂಡು ಬರ್ತಾರೆ, ರೆಟ್ಟಿರ್ ಅಂತಾರೆ ಅದನ್ನ. ಒಂದು ಕಡೆ ರೋಡೆಲ್ಲ ಕುರಿ, ಕಾಲು ಗಂಟೆ ಕಾರ್ ಆಫ್ ಮಾಡಿ ಕೂತೆ, ಹಸು ಅಡ್ಡ ಮಲಗಿರೋ ನಮ್ಮೂರ ರೋಡ್ ನೆನಪಾಯ್ತು. ಜ್ಯೂಪಾಲೋನ್ಸ್ಸಾಂಡುರ್ ಅನ್ನೋ ಬೀಚಲ್ಲಿ ನಾಲ್ಕು ಗುಂಡುಕಲ್ಲು ಇಟ್ಟಿದಾರೆ, 154, 100, 54, 23 ಕೆಜಿ. ಹಿಂದೆ ದೋಣಿ ಕೆಲಸಕ್ಕೆ ಬಂದ ಗಂಡಸರು ಇವನ್ನ ಎತ್ತಿ ತೋರಿಸ್ಬೇಕಿತ್ತು, 23 ಕೆಜಿದು ಮಾತ್ರ ಎತ್ತಿದವನು ಕೆಲಸಕ್ಕೆ ಬಾರದವನು ಅಂತ ಲೆಕ್ಕ. ನಮ್ಮ ಉತ್ತರ ಕರ್ನಾಟಕದ ಸಂಗ್ರಾಣಿ ಕಲ್ಲಿನ ಅಣ್ಣತಮ್ಮಂದಿರೇ ಅನ್ನಿ. ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು 23ರದ್ದನ್ನ ಎತ್ತಿದೆ, ಎದ್ದಿತು, ಫೋಟೋ ತೆಗೆಯೋಕೆ ಯಾರೂ ಇರ್ಲಿಲ್ಲ. ಬಸ್ಸಲ್ಲಿ ಬಂದಿದ್ರೆ ಈ ಅರ್ಧ ಗಂಟೆ ಯಾರು ಕೊಡ್ತಿದ್ರು.

ಲೆಕ್ಕ ಹೀಗೆ ಬಂತು: ಬಸ್ಸಿನ ಮೂರು ಟೂರಿಗೆ ಒಟ್ಟು 42,000 ಕ್ರೋನಾ ಹತ್ತಿರ. ಕಾರಿನ ಮೂರು ದಿನಕ್ಕೆ ಬಾಡಿಗೆ 27,000, ಇನ್ಶೂರೆನ್ಸ್ 9,000, ಪೆಟ್ರೋಲಿಗೆ ಲೀಟರಿಗೆ ನಮ್ಮ ದುಡ್ಡಲ್ಲಿ 190 ರೂಪಾಯಿ ಹತ್ತಿರ ಕೊಟ್ಟು 11,500, ಮೇಲೆ ಪಾರ್ಕಿಂಗು, ಎಲ್ಲ ಸೇರಿ 50,000. ವ್ಯತ್ಯಾಸ ಅಷ್ಟೇನಿಲ್ವಲ್ಲ ಅನ್ಬೇಡಿ, ಬಸ್ಸಿನ ದಿನಗಳಲ್ಲಿ ಹಾಸ್ಟೆಲ್ ಡಾರ್ಮ್‌ಗೆ ರಾತ್ರಿಗೆ 7,000, ಕಾರಲ್ಲಿ ಹೋದ ಕಡೆ ಡಾರ್ಮ್ ಸಿಗದೆ ಗೆಸ್ಟ್‌ಹೌಸಿಗೆ 18,000. ಇಬ್ಬರಿದ್ದಿದ್ರೆ ಕಾರು ರೂಮು ಎರಡೂ ಅರ್ಧ ಆಗಿ ಕಾರೇ ಗೆಲ್ತಿತ್ತು. ಪೆಟ್ರೋಲ್ ಬಂಕಲ್ಲಿ ಬಹಳ ಕಡೆ ಜನ ಇರಲ್ಲ, ಕಾರ್ಡಿಗೆ ಪಿನ್ ಬೇಕು, ಫುಲ್ ಟ್ಯಾಂಕ್ ಒತ್ತಿದ್ರೆ ದೊಡ್ಡ ಮೊತ್ತ ಬ್ಲಾಕ್ ಆಗತ್ತೆ, ಹಾಗಾಗಿ ಅಮೌಂಟ್ ಹಾಕಿ ಹಾಕಿಸ್ಕೊಳಿ. ಕ್ಯಾಂಪರ್ ವ್ಯಾನ್ ಆಸೆ ಇದ್ದೋರಿಗೂ ಒಂದು ಮಾತು, ಎಲ್ಲಂದ್ರಲ್ಲಿ ನಿಲ್ಲಿಸಿ ಮಲಗೋ ಹಾಗಿಲ್ಲ, ಕ್ಯಾಂಪ್‌ಸೈಟಿಗೇ ಹೋಗ್ಬೇಕು. ಇನ್ನೊಂದ್ಸಲ ಹೋದ್ರೂ ದಕ್ಷಿಣಕ್ಕೆ ನಾನು ಬಸ್ಸೇ, ಸ್ನೈಫೆಲ್ಸ್‌ನೆಸ್‌ಗೆ ಎರಡು ದಿನ ಕಾರು, ರಿಂಗ್ ರೋಡಿನ 1300 ಚಿಲ್ಲರೆ ಕಿಮೀ ಒಬ್ಬಳೇ ಹೊಡೆಯೋ ಉಸಾಬರಿ ಬೇಡ.

ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು) ವಿಷಯದಲ್ಲಿ ಉಲ್ಟಾ ಆಯ್ತು. ಬಸ್ ಟೂರಲ್ಲಿ ಹೋಗಿ ರಾತ್ರಿ ಒಂದು ಗಂಟೆವರೆಗೂ ಮೋಡ ನೋಡಿ ಬಂದೆ, ಕಾಣದಿದ್ರೆ ಇನ್ನೊಂದ್ಸಲ ಫ್ರೀ ಅಂತಿತ್ತು, ಎರಡನೇ ಸಲಾನೂ ಮೋಡ. ಗೆಸ್ಟ್‌ಹೌಸಲ್ಲಿದ್ದಾಗ ಹಲ್ಲುಜ್ಜಿ ಮಲಗೋ ಮುಂಚೆ ಸುಮ್ನೆ ಬಾಗಿಲು ತೆಗೆದ್ರೆ ಬೆಟ್ಟದ ಮೇಲೆ ಹಸಿರು ಪರದೆ ಅಲ್ಲಾಡ್ತಿದೆ! ಸ್ವೆಟರ್ ಮೇಲೆ ರಗ್ಗು ಹೊದ್ಕೊಂಡು ಅಂಗಳದಲ್ಲೇ ನಿಂತೆ. 18,000ದ ನೋವು ಆವತ್ತು ರಾತ್ರಿ ಸ್ವಲ್ಪ ಕಮ್ಮಿಯಾಯ್ತು.

ಈಗ ಬಿಸಿನೀರು. ಬ್ಲೂ ಲಗೂನಿಗೆ 10,000 ಕ್ರೋನಾ ಹತ್ತಿರ ಕೊಟ್ಟೆ. ಹಾಲು ಕಲಸಿದ ಹಾಗಿರೋ ನೀಲಿ ನೀರು, ಸುತ್ತ ಕಪ್ಪು ಲಾವಾ, ಮುಖಕ್ಕೆ ಬಿಳೀ ಸಿಲಿಕಾ ಮಣ್ಣು. ಚಂದ ಇಲ್ಲ ಅಂತ ಹೇಳಲ್ಲ. ಅದು ಪ್ರಕೃತಿ ತಾನೇ ಮಾಡಿಟ್ಟ ಕೆರೆ ಅಂದ್ಕೊಂಡಿದ್ದೆ, ಪಕ್ಕದ ಸ್ವಾರ್ಟ್ಸೆಂಗಿ ಭೂಶಾಖದ ಕರೆಂಟ್ ಪ್ಲಾಂಟಿಂದ ಹೊರಗೆ ಬರೋ ನೀರಂತೆ. ಆದ್ರೆ ಅಲ್ಲಿ ಎಲ್ರೂ ಜೋಡಿ ಜೋಡಿ, ಕೈಲಿ ಗ್ಲಾಸು, ಫೋನಿಗೆ ಪ್ಲಾಸ್ಟಿಕ್ ಚೀಲ. ಒಂದು ಗಂಟೆ ಆದ್ಮೇಲೆ ಮದುವೆ ಮನೇಲಿ ಗುರುತಿನೋರು ಯಾರೂ ಇಲ್ಲದೆ ಕೂತ ಹಾಗಾಯ್ತು ನಂಗೆ. (ನಾನು ಬಂದು ಎರಡು ತಿಂಗಳಿಗೆ, ನವೆಂಬರ್ 10ಕ್ಕೆ, ಜ್ವಾಲಾಮುಖಿ ಭಯಕ್ಕೆ ಪಕ್ಕದ ಗ್ರಿಂಡಾವಿಕ್ ಊರನ್ನೇ ಖಾಲಿ ಮಾಡಿಸಿದ್ರು, ಆಮೇಲೆ ಲಗೂನೂ ಎಷ್ಟೋ ಸಲ ಮುಚ್ಚಿ ತೆಗೆದಿದಾರೆ. ಹೋಗೋರು ವಿಚಾರಿಸ್ಕೊಂಡು ಹೋಗಿ.)

ಊರಿನ ಪೂಲು ಸುಂಡ್‌ಹಾಟ್ಲಿನ್, ದೊಡ್ಡ ಚರ್ಚ್ ಹಾಟ್ಲ್‌ಗ್ರಿಮ್ಸ್‌ಕಿರ್ಕ್ಯಾದಿಂದ ನಡ್ಕೊಂಡೇ ಹೋಗಬಹುದು, 1937ರದ್ದು, ನಾನು ಹೋದಾಗ ಸುಮಾರು 1,200 ಕ್ರೋನಾ ಇತ್ತು. ಇಲ್ಲಿ ಒಂದು ಪರೀಕ್ಷೆ ಇದೆ: ಒಳಗೆ ಇಳಿಯೋ ಮುಂಚೆ ಬಟ್ಟೆ ಇಲ್ದೆ, ಅಂದ್ರೆ ಈಜೋ ಡ್ರೆಸ್ಸೂ ಇಲ್ದೆ, ಸೋಪ್ ಹಾಕಿ ಸ್ನಾನ ಮಾಡ್ಲೇಬೇಕು. ಹೆಂಗಸರದ್ದು ಬೇರೆನೇ, ಆದ್ರೂ ಎಲ್ರೂ ಒಂದೇ ಕಡೆ. ಬಾಗಿಲು ಹಾಕ್ಕೊಂಡು, ಮೇಲೊಂದು ಬೋಲ್ಟ್ ಹಾಕ್ಕೊಂಡು ಸ್ನಾನ ಮಾಡಿ ಬೆಳೆದ ಜೀವ ನಂದು. ಗೋಡೆ ನೋಡ್ಕೊಂಡು ಎರಡು ನಿಮಿಷದಲ್ಲಿ ಮುಗಿಸ್ದೆ. ಯಾರೂ ಯಾರನ್ನೂ ನೋಡಲ್ಲ, ಮಾರನೇ ದಿನ ಹೋದಾಗ ನಂಗೂ ಏನೂ ಅನ್ಸಲಿಲ್ಲ. ಹೊರಗೆ ಚಿಕ್ಕ ಚಿಕ್ಕ ತೊಟ್ಟಿಗಳು, 38 ಡಿಗ್ರಿದು ಒಂದು, 40 ದಾಟಿದ್ದು ಇನ್ನೊಂದು, ಮೇಲೆ ಸಣ್ಣ ಮಳೆ, ಕುತ್ತಿಗೆವರೆಗೂ ಬಿಸಿನೀರು. ಬಚ್ಚಲ ಒಲೆ ಮುಂದೆ ಹಂಡೆ ನೀರು ಹೊಯ್ಕೊಳೋ ಸುಖನೇ. ಅಲ್ಲಿಯ ಮುದುಕಿಯರು ದಿನಾ ಬರ್ತಾರೆ, ನಮ್ಮೂರ ಅರಳಿಕಟ್ಟೆ ಪುರಾಣ ಅವರಿಗೆ ಆ ತೊಟ್ಟಿಲಿ. ಒಬ್ರು ಅಜ್ಜಿ ನಂಗೆ ಅರ್ಧ ಗಂಟೆ ಹಾಸ್ಟೆಲ್ ರೇಟು, ಬೋನುಸ್ ಸೂಪರ್‌ಮಾರ್ಕೆಟ್ಟಿನ ರೇಟು, ಮೊಮ್ಮಗನ ಕೆಲಸ ಎಲ್ಲ ಹೇಳಿದ್ರು, ಯಾಕೆ ಒಬ್ಬಳೇ ಬಂದೆ ಅಂತ ಮಾತ್ರ ಕೇಳ್ಲಿಲ್ಲ. ಬೆಂಗಳೂರಿಂದ ಹೊರಟ ಮೇಲೆ ಆ ಪ್ರಶ್ನೆ ಕೇಳದ ಮೊದಲ ಅಜ್ಜಿ. ಒಟ್ಟು ನಾಲ್ಕು ಸಲ ಹೋದೆ ಪೂಲಿಗೆ, ಆಗ್ಲೂ ಲಗೂನಿನ ಅರ್ಧ ದುಡ್ಡು ಖರ್ಚಾಗ್ಲಿಲ್ಲ.

ಊಟದಲ್ಲಿ ಹೋಲಿಸೋಕೇ ಏನಿಲ್ಲ. ಹೊರಗೆ ಒಂದು ಬಟ್ಟಲು ತರಕಾರಿ ಸೂಪು, ಬ್ರೆಡ್ಡು ಸೇರಿ 2,500 ಕ್ರೋನಾ, ಎರಡು ಸಲ ತಿಂದೆ, ಸಾಕಾಯ್ತು. ಅವರ ಫೇಮಸ್ ಹಾಟ್‌ಡಾಗಲ್ಲಿ ಕುರಿಮಾಂಸ, ನಂಗಲ್ಲ ಅದು. ಹಂದಿ ಚಿತ್ರದ ಬೋನುಸ್ ಸೂಪರ್‌ಮಾರ್ಕೆಟ್ಟಲ್ಲಿ ಸ್ಕೀರ್ (ಗಟ್ಟಿ ಮೊಸರಿನ ಥರ, ಮೊಸರನ್ನಕ್ಕೆ ಸಕ್ಕತ್ತಾಗತ್ತೆ), ಬ್ರೆಡ್ಡು, ಗ್ರೀನ್‌ಹೌಸಲ್ಲಿ ಬೆಳೆದ ಅಲ್ಲಿಯದೇ ಟೊಮೇಟೊ, ಹಾಸ್ಟೆಲ್ ಅಡುಗೆಮನೇಲಿ ಅನ್ನ. ಮನೆಯಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆ. ಅಡುಗೆಗೆ ಬಿಸಿ ನಲ್ಲಿ ನೀರು ಹಿಡೀಬೇಡಿ, ಗಂಧಕದ ವಾಸನೆ, ಕೊಳೆತ ಮೊಟ್ಟೆ ಥರ. ತಣ್ಣೀರು ಹಿಡಿದು ಕಾಯಿಸ್ಕೊಳಿ. ಹಾಸ್ಟೆಲ್ಲಲ್ಲಿ ಹೋಗೋರು ಉಳಿದ ಸಾಮಾನು ಬಿಟ್ಟುಹೋಗೋಕೆ ಒಂದು ಶೆಲ್ಫ್ ಇತ್ತು, ಅದ್ರಿಂದ ನಂಗೆ ಅಕ್ಕಿ, ಎಣ್ಣೆ, ಅರ್ಧ ಪ್ಯಾಕೆಟ್ ಪಾಸ್ತಾ ಸಿಕ್ಕಿತ್ತು. ಕೊನೇ ರಾತ್ರಿ ನಾನೂ ಮಿಕ್ಕ ಚಟ್ನಿಪುಡಿ ಅಲ್ಲಿಟ್ಟು, ಖಾರ ಇದೆ ಹುಷಾರು ಅಂತ ಇಂಗ್ಲಿಷಲ್ಲಿ ಚೀಟಿ ಅಂಟಿಸಿ ಮಲಗಿದೆ. ಬೆಳಗ್ಗೆ 55ನೇ ಬಸ್ಸಿಗೆ ಹೊರಡೋವಾಗ ನೋಡಿದ್ರೆ ಚೀಟಿ ಇದೆ, ಪುಡಿ ಇಲ್ಲ.