ಮುರುಮ್ ನೆಲಕ್ಕೆ ಮಕ್ಕಳ ಫುಟ್‌ಬಾಲ್: ಸೈಜ್ 4 ರಬ್ಬರ್ ಚೆಂಡಿನ ದೀರ್ಘ ಬಳಕೆಯ ವಿಮರ್ಶೆ

ಎರಡು ಬೇಸಿಗೆ, ಎರಡು ಮಳೆಗಾಲ ಕಂಡ ಚೆಂಡು ಇದು. ಸೈಜ್ 4, ಹೊಲಿಗೆ ಇಲ್ಲದ ಮೋಲ್ಡೆಡ್ ರಬ್ಬರ್. ಆಡಿದ್ದು ಕಲಬುರಗಿಯ ಬಡಾವಣೆ ಮೈದಾನದಲ್ಲಿ. ನೆಲವೆಲ್ಲ ಮುರುಮ್, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು; ಅಂಚಿಗೆ ಜಾಲಿ. ಬಣ್ಣ ಪೂರಾ ಸವೆದಿದೆ, ಗುಂಡಗಿನ ಆಕಾರ ಮಾತ್ರ ಕೆಟ್ಟಿಲ್ಲ. ಇದೇ ನೆಲದಲ್ಲಿ ಹೊಲಿಗೆಯ ಚೆಂಡು ಬೇಗ ಸೋಲುತ್ತದೆ: ಕಲ್ಲಿಗೆ ಉಜ್ಜಿ ಮೊದಲು ದಾರ ಹರಿಯುತ್ತದೆ, ಆ ಸಂದಿಯಿಂದ ಬ್ಲಾಡರ್ (ಒಳಗಿನ ಗಾಳಿಚೀಲ) ಉಬ್ಬಿ ಹೊರಬರುತ್ತದೆ. ಹುಲ್ಲಿನ ಮೈದಾನವಿದ್ದರೆ ಹೊಲಿಗೆಯದೇ ಮೇಲು, ಕಾಲಿಗೆ ಮೆತ್ತಗೆ. ನಮ್ಮ ಕಡೆ ಎಷ್ಟು ಮಕ್ಕಳಿಗೆ ಹುಲ್ಲು ಸಿಗುತ್ತದೆ?

ಅಳತೆಯಲ್ಲಿ ರಾಜಿ ಬೇಡ. 8 ವರ್ಷದೊಳಗಿನವರಿಗೆ ಸೈಜ್ 3, 8ರಿಂದ 12ಕ್ಕೆ ಸೈಜ್ 4, ಆಮೇಲೆ 5. ಸೈಜ್ 4ರ ಸುತ್ತಳತೆ ಸುಮಾರು 63ರಿಂದ 66 ಸೆಂ.ಮೀ., ತೂಕ 350ರಿಂದ 390 ಗ್ರಾಂ. ದೊಡ್ಡವರ ಸೈಜ್ 5 ಚೆಂಡು 410ರಿಂದ 450 ಗ್ರಾಂ. "ಬೆಳೆಯೋ ಹುಡುಗ, ದೊಡ್ಡದೇ ಇರಲಿ" ಅಂತ 5 ಕೊಡಿಸುವವರು ಬಹಳ. ಭಾರದ ಚೆಂಡು ದೂರ ಹೋಗುವುದಿಲ್ಲವೆಂದು ಮಗು ಹೆಬ್ಬೆರಳ ತುದಿಯಿಂದ ಗುದ್ದಲು ಶುರುಮಾಡುತ್ತದೆ. ಆ ಚಾಳಿ ಒಮ್ಮೆ ಕೂತರೆ ಬಿಡಿಸುವುದು ಕಷ್ಟ.

ಕಲಿಯಬೇಕಾದ್ದು ಪಾದದ ಒಳಬದಿಯ ಪಾಸ್. ಊರುವ ಕಾಲು ಚೆಂಡಿನ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ, ಅದರ ಬೆರಳು ಪಾಸ್ ಹೋಗಬೇಕಾದ ದಿಕ್ಕಿಗೆ. ಒದೆಯುವ ಕಾಲಿನ ಕಣಕಾಲು ಬಿಗಿಯಾಗಿರಬೇಕು, ಏಟು ಚೆಂಡಿನ ನಡುಮಧ್ಯಕ್ಕೆ ಬೀಳಬೇಕು. ಚೆಂಡು ಮೇಲಕ್ಕೆ ಹಾರಿತೆಂದರೆ ಪಾದ ಅದರ ಕೆಳಭಾಗಕ್ಕೆ ತಾಗಿದೆ ಅಥವಾ ಮೈ ಹಿಂದಕ್ಕೆ ವಾಲಿದೆ. ಐದು ಹೆಜ್ಜೆ ದೂರದಲ್ಲಿ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಬಲಗಾಲಿಗೆ ಹತ್ತು, ಎಡಗಾಲಿಗೆ ಹತ್ತು. ಆಮೇಲೆ ಚಪ್ಪಲಿ ಜೋಡಿಸಿಟ್ಟು ಅವುಗಳ ನಡುವೆ ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ತಟ್ಟುತ್ತ ಓಡುವುದು. ಪಂದ್ಯಕ್ಕೆ 4 ಮಂದಿ ಎದುರು 4 ಮಂದಿ ಸಾಕು; 11 ಜನರ ಆಟದಲ್ಲಿ ಚಿಕ್ಕವರಿಗೆ ಚೆಂಡೇ ಸಿಗುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಡಿ, ತಟ್ಟನೆ ನಿಂತು, ತಿರುಗಿ ಮತ್ತೆ ಓಡುವ ಈ ಆಟದಲ್ಲಿ ಉಸಿರು, ತೊಡೆ, ಸಮತೋಲನ ಮೂರಕ್ಕೂ ಕೆಲಸ. ಗೆಳೆಯ ಎಲ್ಲಿದ್ದಾನೆಂದು ತಲೆಯೆತ್ತಿ ನೋಡದೆ ಪಾಸ್ ಕೊಡಲಾಗದು. ಒಬ್ಬನೇ ಆಡುವವನೂ ಹಂಚಿಕೊಳ್ಳುವುದನ್ನು ಇಲ್ಲೇ ಕಲಿಯುತ್ತಾನೆ. ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಮಾತ್ರ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಲ್ಲಿಸಿತು. ರಬ್ಬರ್ ಚೆಂಡಂತೂ ಹಣೆಗೆ ಗಡುಸು.

ಈ ಚೆಂಡಿನ ನಿಜವಾದ ಪರೀಕ್ಷೆ ನಮ್ಮ ಬಿಸಿಲು. ಮುಂಜಾನೆ 25 ಡಿಗ್ರಿಯಲ್ಲಿ 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆದ ಚೆಂಡು, ತಗಡಿನ ಶೆಡ್ಡಿನಲ್ಲಿ 45 ಡಿಗ್ರಿ ಮುಟ್ಟಿದರೆ ಒತ್ತಡ ಹತ್ತೂವರೆ ಆಗುತ್ತದೆ. ಗಟ್ಟಿಯಾದ ಚೆಂಡು ಕಾಲಿಗೆ ತಾಗಿದ ಕೂಡಲೇ ಪುಟಿದು ಹೋಗುತ್ತದೆ, ಮಗುವಿಗೆ ಹಿಡಿತ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 8 ಸಾಕು. ಹೆಬ್ಬೆರಳಿಂದ ಒತ್ತಿದರೆ ತುಸು ತಗ್ಗಬೇಕು. ಚೆಂಡನ್ನು ಮನೆಯೊಳಗೆ, ನೆರಳಿನ ಫರಸಿ ಮೇಲಿಡಿ. ಮಕ್ಕಳೂ ಬೆಳಿಗ್ಗೆ 8ರೊಳಗೆ ಇಲ್ಲವೇ ಹೊತ್ತಿಳಿದ ಮೇಲೆ ಆಡಲಿ, ನೀರಿನ ಬಾಟಲಿ ಮೈದಾನದಲ್ಲೇ ಇರಲಿ.

ಗಾಳಿ ಹೊಡೆಯುವ ಪಿನ್ ಒಣಗಿರಬಾರದು. ಒಂದು ಹನಿ ಗ್ಲಿಸರಿನ್ ಸವರಿ ನೇರಕ್ಕೆ ತೂರಿಸಿ. ಒಣ ಪಿನ್ ವಾಲ್ವಿನ ರಬ್ಬರನ್ನು ಹರಿಯುತ್ತದೆ. ಎಷ್ಟೋ ಚೆಂಡುಗಳು ಕೆಡುವುದು ಒದೆತದಿಂದಲ್ಲ, ಇದರಿಂದ. ಗಾಳಿ ಇಳಿಯುತ್ತಿದ್ದರೆ ಬಕೆಟ್ ನೀರಿನಲ್ಲಿ ಅದ್ದಿ ನೋಡಿ. ಗುಳ್ಳೆ ವಾಲ್ವಿನಿಂದಲೋ, ಜಾಲಿ ಮುಳ್ಳಿನ ತೂತಿನಿಂದಲೋ ತಿಳಿಯುತ್ತದೆ. ಇದರ ದೊಡ್ಡ ಕೊರತೆ ಇಲ್ಲೇ: ಹೊಲಿಗೆಯದಾದರೆ ಬಿಚ್ಚಿ ಬ್ಲಾಡರ್ ಬದಲಿಸಬಹುದು, ಇದರಲ್ಲಿ ಆಗದು. ಆಟಕ್ಕೆ ಮುಂಚೆ ಅಂಚಿನ ಮುಳ್ಳು ಗುಡಿಸುವುದೇ ದಾರಿ. ಮಳೆಯಲ್ಲಿ ನೀರು ಕುಡಿಯುವುದಿಲ್ಲ, ಅದು ಒಳ್ಳೆಯದು. ಆದರೆ ಎರಿ ಮಣ್ಣು ಮೆತ್ತಿದರೆ ಒಣಗುವ ಮುಂಚೆ ತೊಳೆಯಬೇಕು.

ಕೊಳ್ಳುವಾಗ ಅಂಗಡಿಯಲ್ಲೇ ಗಾಳಿ ತುಂಬಿಸಿ ನೆಲದ ಮೇಲೆ ಉರುಳಿಸಿ. ಸೊಟ್ಟಗೆ ಹೋದರೆ ಬಿಟ್ಟುಬಿಡಿ. ಜೊತೆಗೆ ಎರಡು ಪಿನ್ ಕೇಳಿ ಪಡೆಯಿರಿ, ಒಂದು ಮುರಿದೇ ಮುರಿಯುತ್ತದೆ.