ಸಿಟಿ ಲೈಬ್ರರಿ ರಿವ್ಯೂ: ಪುಸ್ತಕಕ್ಕಿಂತ ಕುರ್ಚಿಗೇ ಪೈಪೋಟಿ

ಹೋಟೆಲಿಗೆ, ಮೊಬೈಲಿಗೆ ರಿವ್ಯೂ ಬರೆಯುವ ಜನ ಸಾರ್ವಜನಿಕ ಲೈಬ್ರರಿ ಬಗ್ಗೆ ಬರೆಯುವುದೇ ಇಲ್ಲ. ನಾನು ಕಾಯಂ ಗಿರಾಕಿ, ಬರೆಯುತ್ತೇನೆ. ಯಾವ ಲೈಬ್ರರಿ ಅಂತ ಹೇಳಲ್ಲ, ಬೈಯುವುದೂ ಸ್ವಲ್ಪ ಇದೆ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಪುಸ್ತಕವಲ್ಲ. ಒಳಗೆ ಬಂದವರನ್ನು ಯಾಕೆ ಬಂದಿರಿ, ಎಷ್ಟು ಹೊತ್ತು ಇರ್ತೀರಿ ಅಂತ ಯಾರೂ ಕೇಳುವುದಿಲ್ಲ. ಏನೂ ಕೊಳ್ಳದೆ ಅರ್ಧ ದಿನ ಸುಮ್ನೆ ಕೂರಲು ಬಿಡುವ ಜಾಗ ಸಿಟಿಯಲ್ಲಿ ಬೇರೆ ಎಲ್ಲಿದೆ ಹೇಳಿ? ಪೇಪರ್ ಓದುವ ಕೋಣೆಯಲ್ಲಿ ವಯಸ್ಸಾದವರು ಒಂದೇ ಪತ್ರಿಕೆಯ ಹಾಳೆ ಬಿಡಿಸಿ ಹಂಚಿಕೊಂಡಿರುತ್ತಾರೆ, ಕೆಲಸ ಹುಡುಕುವ ಹುಡುಗ ಜಾಹೀರಾತಿನ ಪುಟ ಯಾವಾಗ ಕೈಗೆ ಬರುತ್ತೋ ಅಂತ ಪಕ್ಕದಲ್ಲೇ ಕಾಯುತ್ತಿರುತ್ತಾನೆ. ಮೊನ್ನೆ ಹಿರಿಯರೊಬ್ಬರು ಪಿಂಚಣಿಯ ಅರ್ಜಿ ತುಂಬಲು ಕಂಪ್ಯೂಟರ್ ಮುಂದೆ ಕೂತಿದ್ದರು. ಫೋಟೋ ಸೈಜು ಜಾಸ್ತಿ ಅಂತ ಅದು ಮತ್ತೆ ಮತ್ತೆ ವಾಪಸ್ ಕಳಿಸುತ್ತಿತ್ತು. ಕೌಂಟರ್‌ನಲ್ಲಿದ್ದ ಮೇಡಂ ಎದ್ದು ಬಂದು, ಫೋಟೋ ಚಿಕ್ಕದು ಮಾಡಿ, ಅರ್ಜಿ ಹೋಗುವ ತನಕ ಪಕ್ಕದಲ್ಲೇ ನಿಂತಿದ್ದರು. ಇದು ಯಾವ ಬೋರ್ಡಿನಲ್ಲೂ ಬರೆದಿರದ ಸೇವೆ.

ಇನ್ನು ಕಪಾಟಿನ ಕಥೆ. ಪುಸ್ತಕದ ಬೆನ್ನಿನ ಮೇಲಿನ ನಂಬರ್ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ವಿಷಯಕ್ಕೊಂದು ನಂಬರ್ ಕೊಡುವ ಈ ಪದ್ಧತಿ 1876ರಲ್ಲಿ ಅಮೆರಿಕದ ಲೈಬ್ರೇರಿಯನ್ ಮೆಲ್ವಿಲ್ ಡ್ಯೂಯಿ ಶುರು ಮಾಡಿದ್ದು. ಕನ್ನಡ ಸಾಹಿತ್ಯಕ್ಕೆ 894.814, ಅಡುಗೆಗೆ 641.5, ಇತಿಹಾಸ ಬೇಕಾದರೆ 900ರ ಸಾಲು. ತೊಂದರೆ ಏನೆಂದರೆ, ಓದಿದವರು ಪುಸ್ತಕವನ್ನು ಕೈಗೆ ಸಿಕ್ಕ ಕಡೆ ತುರುಕಿ ಹೋಗುತ್ತಾರೆ. ಕಂಪ್ಯೂಟರ್ 'ಲಭ್ಯವಿದೆ' ಅನ್ನುತ್ತೆ, ಕಪಾಟಿನಲ್ಲಿ ಮಾತ್ರ ಇರಲ್ಲ. ವಾಪಸ್ ಬಂದ ಪುಸ್ತಕಗಳೂ ಟ್ರಾಲಿಯಲ್ಲೇ ದಿನಗಟ್ಟಲೆ ಕೂತಿರುತ್ತವೆ. ಓದುಗರ ಸಮಯ ಉಳಿಸಿ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಲೈಬ್ರರಿ ಹೇಗಿರಬೇಕು ಅನ್ನುವ ತಮ್ಮ ಐದು ಸೂತ್ರಗಳಲ್ಲಿ ನಾಲ್ಕನೆಯದಾಗಿ ಹೇಳಿಬಿಟ್ಟಿದ್ದಾರೆ. ಲೈಬ್ರರಿ ಬೆಳೆಯುತ್ತಲೇ ಇರಬೇಕು ಅನ್ನುವುದು ಐದನೆಯದು. ಇಲ್ಲಿ ಬೆಳೆದಿರುವುದು ಹಳೆಯ ಗೈಡುಗಳ ರಾಶಿ! ಸಿಲಬಸ್ ಬದಲಾಗಿ ಯಾವ ಕಾಲವಾಯಿತೋ, ಅವನ್ನು ತೆಗೆದು ಹೊಸ ಪುಸ್ತಕಕ್ಕೆ ಜಾಗ ಮಾಡುವವರಿಲ್ಲ. ಬೇಕಾದ ಪುಸ್ತಕದ ಹೆಸರು ಬರೆಯಲು ರಿಜಿಸ್ಟರ್ ಒಂದು ಇದೆ. ಕೇಳಿದರೆ ಮಾತ್ರ ಡ್ರಾಯರ್‌ನಿಂದ ಹೊರಗೆ ಬರುತ್ತೆ, ಕೇಳಿ ಬರೆಯಿರಿ.

ಓದುವ ಹಾಲ್ ಪೂರ್ತಿ ಪರೀಕ್ಷೆಗೆ ತಯಾರಾಗುವವರದ್ದೇ. ಲೈಬ್ರರಿ ಪುಸ್ತಕ ಮುಟ್ಟದೆ ಸ್ವಂತ ನೋಟ್ಸ್ ಓದೋರಿಗೆ ಯಾಕೆ ಜಾಗ ಅಂತ ಕೆಲವರು ಗೊಣಗುತ್ತಾರೆ. ನಾನು ಒಪ್ಪಲ್ಲ. ಮನೆಯಲ್ಲಿ ಒಂದು ಮೇಜು, ಒಂದಿಷ್ಟು ನಿಶ್ಶಬ್ದ ಸಿಗದವರಿಗೆ ಇದಕ್ಕಿಂತ ದೊಡ್ಡ ಸಹಾಯ ಏನಿದೆ? ಆದರೆ ಬ್ಯಾಗ್ ಇಟ್ಟು ಸೀಟ್ ಹಿಡಿದು ಗಂಟೆಗಟ್ಟಲೆ ಹೊರಗೆ ಹರಟೆ ಹೊಡೆಯುತ್ತಾರಲ್ಲ, ಅದಕ್ಕೆ ಯಾರಾದರೂ ಕಡಿವಾಣ ಹಾಕಬೇಕು. ಸಂಜೆ ಬೇಗ ಬಾಗಿಲು ಹಾಕುವುದೂ ಸರಿಯಲ್ಲ, ಕೆಲಸಕ್ಕೆ ಹೋಗುವವರು ಬರುವುದು ಯಾವಾಗ?

ಮಕ್ಕಳ ವಿಭಾಗದಲ್ಲಿ ಗಲಾಟೆ ಇರುತ್ತೆ, ಇರಲಿ ಬಿಡಿ. ಶೌಚಾಲಯದ ಬಗ್ಗೆ ಮಾತು ಬೇಡ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಅದರಲ್ಲಿ ಒಂದು ಪೂರ್ತಿ ಆ ಮೇಡಂಗೆ. ಹೋಗೋರು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಆಮೇಲೆ ಫ್ಯಾನ್ ಕೆಳಗಿನ ಕುರ್ಚಿ ಸಿಗಲ್ಲ.